ವಿಶಾಖಪಟ್ಟಣದ ಬೆಟ್ಟಗಳು: ಯಾವುದಕ್ಕೆ, ಯಾವ ಹೊತ್ತಿಗೆ, ಹೇಗೆ

ವಿಶಾಖಪಟ್ಟಣಕ್ಕೆ ಹೋದವರಲ್ಲಿ ಬಹಳ ಮಂದಿ ಸಿಂಹಾಚಲ, ಕೈಲಾಸಗಿರಿ, ತೊಟ್ಲಕೊಂಡ ಮೂರನ್ನೂ ಒಂದೇ ದಿನ ತೋರಿಸುವ ಟ್ಯಾಕ್ಸಿ ಗೊತ್ತು ಮಾಡಿಕೊಳ್ಳುತ್ತಾರೆ. ತಿಂಡಿ ಮುಗಿಸಿ ಹತ್ತು ಗಂಟೆಗೆ ಹೊರಟು, ದೇವಸ್ಥಾನದ ಸರದಿಯಲ್ಲೇ ಮಧ್ಯಾಹ್ನ ಕಳೆದು, ಉರಿಬಿಸಿಲಲ್ಲಿ ತೊಟ್ಲಕೊಂಡದ ಕಲ್ಲುಗಳ ನಡುವೆ ಹತ್ತು ನಿಮಿಷ ನಿಂತು, ಕೈಲಾಸಗಿರಿ ಮುಟ್ಟುವ ಹೊತ್ತಿಗೆ ಸಮುದ್ರ ಕಪ್ಪಾಗಿರುತ್ತದೆ. ಮೂರೂ ನೋಡಿದ ಲೆಕ್ಕ ಸಿಗುತ್ತದೆ, ಒಂದನ್ನೂ ನೆಟ್ಟಗೆ ನೋಡಿರುವುದಿಲ್ಲ. ಈ ಊರಲ್ಲಿ ಬೆಟ್ಟ ಆರಿಸುವ ಮೊದಲು ಗಡಿಯಾರ ನೋಡಬೇಕು. ಯಾವ ಬೆಟ್ಟ ಚೆಂದ ಅನ್ನುವುದು ಆಮೇಲಿನ ಮಾತು.

ಮೊದಲು ದಿಕ್ಕು ತಿಳಿದುಕೊಳ್ಳಿ

ಊರು ಎರಡು ಬೆಟ್ಟಸಾಲುಗಳ ನಡುವೆ ಇದೆ. ಉತ್ತರಕ್ಕೆ ಕೈಲಾಸ ಸಾಲು. ಸಿಂಹಾಚಲ, ಕೈಲಾಸಗಿರಿ ಎರಡೂ ಇದರಲ್ಲೇ ಬರುತ್ತವೆ. ದಕ್ಷಿಣಕ್ಕೆ ಯಾರಾಡ ಸಾಲು; ಅದು ಸಮುದ್ರಕ್ಕೆ ಮೂತಿ ಚಾಚಿದ ಜಾಗವೇ ಡಾಲ್ಫಿನ್ಸ್ ನೋಸ್. ಪೂರ್ವಕ್ಕೆ ಬಂಗಾಳಕೊಲ್ಲಿ. ಮಂಗಳೂರು, ಮಲ್ಪೆ, ಕಾರವಾರದ ಕಡಲನ್ನು ನೋಡಿ ಬೆಳೆದವರು ಇಲ್ಲಿ ಎಡವುವುದು ಇದೇ ವಿಷಯದಲ್ಲಿ. ನಮ್ಮ ಕಡೆ ಸೂರ್ಯ ನೀರಿಗೆ ಇಳಿಯುತ್ತಾನೆ, ಇಲ್ಲಿ ನೀರಿನಿಂದ ಏಳುತ್ತಾನೆ. ಸಂಜೆ ಯಾವ ಬೆಟ್ಟ ಹತ್ತಿದರೂ ಸೂರ್ಯ ಮುಳುಗುವುದು ನಿಮ್ಮ ಬೆನ್ನ ಹಿಂದೆ, ಊರಿನ ಮನೆಗಳು ಮತ್ತು ಗುಡ್ಡಗಳ ಆಚೆ.

ಇದರಿಂದ ನಷ್ಟವೇನೂ ಇಲ್ಲ. ಮಧ್ಯಾಹ್ನ ಮೂರರ ನಂತರ ಬಿಸಿಲು ಹಿಂದಿನಿಂದ ಬಿದ್ದು ಸಮುದ್ರ ನೀಲಿಯಾಗಿ, ದಡದ ನೊರೆ ಬೆಳ್ಳಗೆ, ಹಡಗುಗಳು ಸ್ಪಷ್ಟವಾಗಿ ಕಾಣುತ್ತವೆ. ಬೆಳಿಗ್ಗೆ ಎಂಟರಿಂದ ಹನ್ನೊಂದರ ತನಕ ಅದೇ ಸಮುದ್ರ ಕಣ್ಣಿಗೆ ಹೊಡೆಯುವ ತಗಡು. ಫೋಟೋ ತೆಗೆದರೆ ಮುಖವೆಲ್ಲ ಕಪ್ಪು. ಹಾಗಾಗಿ ಸಮುದ್ರ ನೋಡುವ ಬೆಟ್ಟಗಳಿಗೆ ಒಂದೋ ಸೂರ್ಯೋದಯ, ಇಲ್ಲವೇ ಅಪರಾಹ್ನ. ನಡುವಿನ ಹೊತ್ತು ದೇವಸ್ಥಾನಕ್ಕೆ, ಊಟಕ್ಕೆ, ನಿದ್ದೆಗೆ.

ಇನ್ನೊಂದು ಲೆಕ್ಕವೂ ತಪ್ಪುತ್ತದೆ. ವಿಶಾಖಪಟ್ಟಣ ಬೆಂಗಳೂರಿಗಿಂತ ಸಾಕಷ್ಟು ಪೂರ್ವಕ್ಕಿದೆ. ಡಿಸೆಂಬರಿನಲ್ಲಿ ಬೆಂಗಳೂರಲ್ಲಿ ಆರು ಗಂಟೆಯವರೆಗೆ ಬೆಳಕಿದ್ದರೆ ಇಲ್ಲಿ ಐದೂವರೆಗೆ ಮೊದಲೇ ಸೂರ್ಯಾಸ್ತ. "ಐದಕ್ಕೆ ಹೊರಟರೆ ಸಾಕು" ಅನ್ನುವ ನಮ್ಮ ಅಭ್ಯಾಸ ಇಲ್ಲಿ ಒಂದು ಸಂಜೆಯನ್ನೇ ನುಂಗುತ್ತದೆ. ಚಳಿಗಾಲದಲ್ಲಿ ಮೂರೂವರೆಗೆ ಬೆಟ್ಟದ ಮೇಲಿರಿ. ಜೂನಿನಲ್ಲಿ ಸುಮಾರು ಆರೂವರೆಯ ತನಕ ಬೆಳಕಿರುತ್ತದೆ, ಆದರೆ ಬೆಳಿಗ್ಗೆ ಐದೂಕಾಲರ ಸುಮಾರಿಗೇ ಸೂರ್ಯ ಹುಟ್ಟಿಬಿಡುತ್ತಾನೆ.

ಸಿಂಹಾಚಲ: ದೇವರಿಗಾಗಿ ಹೋಗಿ, ಸಮುದ್ರಕ್ಕಾಗಿ ಅಲ್ಲ

ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿರುವ ವರಾಹ ಲಕ್ಷ್ಮೀನರಸಿಂಹ ಸನ್ನಿಧಿ ಇದು. ಇಷ್ಟು ಎತ್ತರದಲ್ಲಿದೆ, ಮೇಲಿಂದ ಸಮುದ್ರ ಕಾಣಬಹುದು ಅಂದುಕೊಂಡು ಹೋಗುವವರಿಗೆ ನಿರಾಸೆಯಾಗುತ್ತದೆ. ದೇವಸ್ಥಾನ ಇರುವುದು ಬೆಟ್ಟಸಾಲಿನ ಉತ್ತರದ ಮಗ್ಗುಲಲ್ಲಿ, ಸುತ್ತ ದಿಬ್ಬಗಳಿರುವ ತಗ್ಗಿನಲ್ಲಿ. ಊರು ಮತ್ತು ಕಡಲು ಆ ದಿಬ್ಬಗಳ ಆಚೆ. ಘಾಟಿ ರಸ್ತೆಯ ತಿರುವುಗಳಲ್ಲಿ ಹಸಿರು ಕಣಿವೆ ಕಾಣುತ್ತದೆ, ಇಳಿಜಾರಿನಲ್ಲಿ ಅನಾನಸಿನ ತೋಟಗಳು, ಹಲಸು, ಮಾವು. ನೋಟ ಅಂದರೆ ಅಷ್ಟೇ. ಆದರೆ ದೇವಸ್ಥಾನಕ್ಕಾಗಿಯೇ ಹೋದರೆ ಅರ್ಧ ದಿನ ಕೊಟ್ಟದ್ದು ಸಾರ್ಥಕ.

ಗರ್ಭಗುಡಿಯಲ್ಲಿ ಮೂರ್ತಿಯ ರೂಪ ಕಾಣುವುದಿಲ್ಲ. ವರ್ಷವಿಡೀ ದೇವರು ಗಂಧದ ಲೇಪದೊಳಗೆ ಇರುತ್ತಾರೆ, ನೋಡಿದರೆ ಲಿಂಗದಂತೆ ತೋರುತ್ತದೆ. ಅಕ್ಷಯ ತೃತೀಯದ ಒಂದು ದಿನ ಮಾತ್ರ ಲೇಪ ತೆಗೆದು ನಿಜರೂಪ ದರ್ಶನ, ಅದೇ ಚಂದನೋತ್ಸವ. ನಮ್ಮ ಅಭಿಪ್ರಾಯ ನೇರವಾಗಿ ಹೇಳುವುದಾದರೆ, ಮೊದಲ ಸಲ ಹೋಗುವವರು, ವಯಸ್ಸಾದವರು, ಮಕ್ಕಳಿರುವವರು ಆ ದಿನ ಹೋಗಬೇಡಿ. ಹಿಂದಿನ ರಾತ್ರಿಯಿಂದಲೇ ಸರದಿ ಬೆಟ್ಟದುದ್ದಕ್ಕೂ ಬೆಳೆಯುತ್ತದೆ. 2025ರ ಏಪ್ರಿಲ್ 30ರ ನಸುಕಿನಲ್ಲಿ ಜೋರು ಮಳೆಗೆ ಗೋಡೆ ಕುಸಿದು ಸರದಿಯಲ್ಲಿದ್ದ ಭಕ್ತರು ಪ್ರಾಣ ಕಳೆದುಕೊಂಡರು. ಆ ತಿಂಗಳಲ್ಲಿ ಸಂಜೆ, ರಾತ್ರಿ ಗುಡುಗುಮಳೆ ಇಲ್ಲಿ ಹೊಸದಲ್ಲ. ಸರದಿಯಲ್ಲಿ ನಿಲ್ಲಲೇಬೇಕಾದರೆ ಗೋಡೆ, ತಾತ್ಕಾಲಿಕ ಚಪ್ಪರದ ಕಂಬಗಳಿಗೆ ಒರಗಿ ಕೂರಬೇಡಿ.

ಆಷಾಢ ಹುಣ್ಣಿಮೆಯ ಗಿರಿಪ್ರದಕ್ಷಿಣೆ ಬೇರೆಯೇ ಅನುಭವ. ಕೆಳಗಿನ ಮೊದಲ ಮೆಟ್ಟಿಲಿಗೆ ತೆಂಗಿನಕಾಯಿ ಒಡೆದು ಹೊರಟವರು ಬೆಟ್ಟಸಾಲನ್ನು ಪೂರಾ ಬಳಸಿ, ಸಮುದ್ರದ ದಡ ಮುಟ್ಟಿ, ಮತ್ತೆ ಸಿಂಹಾಚಲಕ್ಕೆ ಬರುತ್ತಾರೆ. 32 ಕಿಲೋಮೀಟರ್, ಹೆಚ್ಚಿನವರು ಬರಿಗಾಲಲ್ಲಿ. ನಡೆಯುವ ಉದ್ದೇಶವಿಲ್ಲದವರು ಆ ದಿನ ಊರಲ್ಲಿ ಬೇರೆ ಬೆಟ್ಟಗಳ ಯೋಜನೆ ಇಟ್ಟುಕೊಳ್ಳಬೇಡಿ, ಮುಖ್ಯ ರಸ್ತೆಗಳಲ್ಲಿ ವಾಹನ ತಿರುಗಿಸಿಬಿಡುತ್ತಾರೆ. ನಡೆಯುವವರಿಗೆ ಒಂದು ಮಾತು: ಬರಿಗಾಲು ಕೈಕೊಡುವುದು ಕೊನೆಯ ಮೂರನೇ ಒಂದು ಭಾಗದಲ್ಲಿ, ಅದೂ ಒದ್ದೆ ಡಾಂಬರಿನಲ್ಲಿ. ಸಮುದ್ರದಲ್ಲಿ ಕಾಲು ತೊಳೆದ ಮೇಲೆ ಮರಳು ಪೂರ್ತಿ ಒರೆಸಿಕೊಳ್ಳಿ. ಬೆರಳ ಸಂದಿಯಲ್ಲಿ ಉಳಿದ ಮರಳೇ ಮುಂದೆ ಬೊಕ್ಕೆ ಎಬ್ಬಿಸುವುದು.

ಮಾಮೂಲಿ ದಿನಗಳಲ್ಲಿ ಬೆಳಿಗ್ಗೆ ಏಳರ ಹೊತ್ತಿಗೆ ಸರದಿಗೆ ಸೇರಿದರೆ ಒಳ್ಳೆಯದು. ಮಧ್ಯಾಹ್ನ, ಅಪರಾಹ್ನ, ಸಂಜೆ ನೈವೇದ್ಯ, ಆರಾಧನೆಗಳಿಗೆಂದು ದರ್ಶನ ನಿಲ್ಲಿಸುತ್ತಾರೆ. ಹನ್ನೊಂದಕ್ಕೆ ಮೇಲೆ ಬಂದವರು ಆ ವಿರಾಮಕ್ಕೆ ಸಿಕ್ಕಿ, ಸಣ್ಣ ಸರದಿಯಲ್ಲೂ ಒಂದೂವರೆ ಗಂಟೆ ನಿಲ್ಲುತ್ತಾರೆ. ಶನಿವಾರ, ಭಾನುವಾರ ಬಿಟ್ಟರೆ ಧರ್ಮದರ್ಶನವೇ ಸಾಕು. ರಜಾದಿನಗಳಲ್ಲಿ ಮಾತ್ರ ಟಿಕೆಟ್ ದರ್ಶನಕ್ಕೆ ಅರ್ಥವಿದೆ. ಮೊಬೈಲ್ ಒಳಗೆ ಒಯ್ಯುವಂತಿಲ್ಲ. ಗುಂಪಿನಲ್ಲಿ ಹೋದವರು ಫೋನ್ ಕೌಂಟರಿಗೆ ಕೊಡುವ ಮೊದಲೇ ಹೊರಗೆ ಎಲ್ಲಿ ಸೇರಬೇಕೆಂದು ಗೊತ್ತು ಮಾಡಿಕೊಳ್ಳಿ. ಒಳಹೋಗುವ ದಾರಿ, ಹೊರಬರುವ ದಾರಿ ಬೇರೆ ಬೇರೆ. ಹಿರಿಯರು ತಪ್ಪಿಸಿಕೊಳ್ಳುವುದು ಅಲ್ಲೇ.

ಒಳಗೆ ಕಪ್ಪಸ್ತಂಭ ಎಂಬ ಕಲ್ಲಿನ ಕಂಬವನ್ನು ತಬ್ಬಿಕೊಂಡರೆ ಸಂತಾನಭಾಗ್ಯ ಎಂಬ ನಂಬಿಕೆ ಇದೆ, ಅದಕ್ಕೇ ಬೇರೆ ಸಾಲು. ಅವಸರವಿಲ್ಲದಿದ್ದರೆ ಗೋಡೆಗಳ ಶಾಸನಗಳನ್ನು ನೋಡಿ. ಹದಿಮೂರನೆಯ ಶತಮಾನದಲ್ಲಿ ಪೂರ್ವ ಗಂಗರ ಕಾಲದಲ್ಲಿ ಈ ದೇವಾಲಯ ಈಗಿನ ರೂಪ ಪಡೆಯಿತು, ಚಕ್ರ ಮತ್ತು ಕುದುರೆಗಳಿರುವ ಕಲ್ಲಿನ ಮಂಟಪ ಒಡಿಶಾದ ಕಡೆಯ ಕೈಚಳಕವನ್ನು ನೆನಪಿಸುತ್ತದೆ. ನಮಗೆ ಇನ್ನೂ ಹತ್ತಿರದ ಸಂಗತಿಯೊಂದಿದೆ: ಕಳಿಂಗದ ದಂಡಯಾತ್ರೆಯ ಕಾಲದಲ್ಲಿ ವಿಜಯನಗರದ ಕೃಷ್ಣದೇವರಾಯ 1516ರಲ್ಲಿ ಇಲ್ಲಿಗೆ ಬಂದು ದೇವರಿಗೆ ಒಡವೆಗಳನ್ನು ಒಪ್ಪಿಸಿದ್ದು ಇಲ್ಲಿಯ ಶಾಸನದಲ್ಲೇ ದಾಖಲಾಗಿದೆ. ಹಂಪಿಯಿಂದ ಇಲ್ಲಿಯವರೆಗಿನ ದೂರ ನೆನೆದರೆ ಆ ಬರಹದ ತೂಕ ಗೊತ್ತಾಗುತ್ತದೆ.

ಮೇಲೆ ಹೋಗಲು ಎರಡು ದಾರಿ. ಘಾಟಿ ರಸ್ತೆಯಲ್ಲಿ ಸ್ವಂತ ವಾಹನ, ಟ್ಯಾಕ್ಸಿ, ದೇವಸ್ಥಾನದ ಬಸ್ಸು ಎಲ್ಲವೂ ಹೋಗುತ್ತವೆ. ಊರಿನ ಬಸ್ಸುಗಳು ನಿಲ್ಲುವುದು ಕೆಳಗೆ, ಬುಡದಲ್ಲಿ. ಆಟೋ ಹಿಡಿಯುವಾಗ ಬರೀ "ಸಿಂಹಾಚಲಂ" ಅಂದರೆ ಬುಡದಲ್ಲಿ ಇಳಿಸುತ್ತಾರೆ. "ಕೊಂಡಪೈಕಿ" (ಬೆಟ್ಟದ ಮೇಲಕ್ಕೆ) ಎಂದು ಮೊದಲೇ ಹೇಳಿ ಬಾಡಿಗೆ ಮಾತಾಡಿ. ಮೇಲಿನ ಕಾಯುವಿಕೆಯೂ ಸೇರಿದೆಯೇ ಕೇಳಿ. ಎರಡನೆಯದು ಮೆಟ್ಟಿಲು, ಸಾವಿರಕ್ಕೂ ಮೇಲೆ. ದಾರಿಯುದ್ದಕ್ಕೂ ಮರದ ನೆರಳಿದೆ, ನಡುವೆ ನೀರಿನ ಧಾರೆಗಳಿವೆ. ನಿಧಾನವಾಗಿ ಹತ್ತುವವರಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಮೊಣಕಾಲು ನೋವಿರುವವರು ಹತ್ತಲು ಹೆದರುತ್ತಾರೆ, ನಿಜವಾದ ತೊಂದರೆ ಇರುವುದು ಇಳಿಯುವಾಗ. ಅಂಥವರು ಹತ್ತುವ ಆಸೆಯಿದ್ದರೆ ಮೆಟ್ಟಿಲಲ್ಲಿ ಹತ್ತಿ, ಇಳಿಯಲು ಬಸ್ಸು ಹಿಡಿಯಲಿ. ಊರಿನ ಕಡೆಯ ಮಾಧವಧಾರದಿಂದ ಬೆಟ್ಟ ದಾಟಿ ಬರುವ ದಾರಿಯೂ ಇದೆ, ಆದರೆ ಜನಸಂಚಾರ ಕಡಿಮೆ. ಗುಂಪಾಗಿ, ಹಗಲಲ್ಲಿ ಮಾತ್ರ.

ಹೊರಗೆ ಸಂಪಿಗೆ ಹೂ ಮಾರುತ್ತಾರೆ, ಕಾಲದಲ್ಲಿ ಹೋದರೆ ಇದೇ ಬೆಟ್ಟದ ಅನಾನಸು ಸಿಗುತ್ತದೆ. ಚಿಕ್ಕ ಗಾತ್ರದ್ದು, ಪರಿಮಳ ಜಾಸ್ತಿ. ಬುಡದ ಹತ್ತಿರ ಮೂಸಿ ನೋಡಿ ಕೊಳ್ಳಿ. ವಾಸನೆ ಇಲ್ಲದ್ದು ಬಲಿಯದೆ ಕೊಯ್ದದ್ದು.

ಹಳೇ ಊರಿನ ಮೂರು ಗುಡ್ಡ: ಹಡಗುಗಳನ್ನು ಹತ್ತಿರದಿಂದ ನೋಡಲು

ಪ್ರವಾಸಿಗಳು ಹೆಚ್ಚಾಗಿ ಬಿಟ್ಟುಬಿಡುವ ಜಾಗ ಇದು, ನಮ್ಮ ಮಟ್ಟಿಗೆ ಊರಿನ ಅತ್ಯುತ್ತಮ ನೋಟ ಇಲ್ಲಿಯದೇ. ಬಂದರಿನ ಪ್ರವೇಶ ಕಾಲುವೆಯ ಉತ್ತರ ದಡದಲ್ಲಿ ಒತ್ತಾಗಿ ಮೂರು ಗುಡ್ಡಗಳಿವೆ. ಒಂದರ ಮೇಲೆ ಮರಿಯಮ್ಮನ ಚರ್ಚು, ಒಂದರ ಮೇಲೆ ಇಸಾಕ್ ಮದೀನಾ ಔಲಿಯಾ ಅವರ ದರ್ಗಾ, ಇನ್ನೊಂದರ ಮೇಲೆ ವೆಂಕಟೇಶ್ವರ ದೇವಸ್ಥಾನ. ಚರ್ಚಿರುವುದು ರಾಸ್ ಹಿಲ್. 1864ರಲ್ಲಿ ಅಲ್ಲಿ ಮನೆ ಕಟ್ಟಿದ ರಾಸ್ ಎಂಬವರ ಹೆಸರು ಗುಡ್ಡಕ್ಕೆ ಉಳಿದಿದೆ, ಮನೆ ಮುಂದೆ ಪ್ರಾರ್ಥನಾಲಯವಾಯಿತು. ಮೂರರಲ್ಲಿ ಇದೇ ಎತ್ತರ. ಮೂರಕ್ಕೂ ನಡೆದೇ ಹೋಗಿಬರಬಹುದು, ಎರಡು ಗಂಟೆ ಧಾರಾಳ.

ರಾಸ್ ಹಿಲ್ ಮೇಲೆ ನಿಂತರೆ ಎದುರಿಗೆ ಕಾಲುವೆ, ಅದರಾಚೆ ಡಾಲ್ಫಿನ್ಸ್ ನೋಸಿನ ಬಂಡೆ. ದೊಡ್ಡ ಸರಕು ಹಡಗೊಂದು ಒಳಬರುವಾಗ ನೋಡಬೇಕು. ಮೊದಲು ಹೊರಗೆ ಕಡಲಲ್ಲಿ ಅಲುಗದ ಚುಕ್ಕೆಯಾಗಿ ಕಾಣುತ್ತದೆ. ನಂತರ ಟಗ್ ದೋಣಿಗಳು ಹತ್ತಿರ ಹೋಗಿ ಅಂಟಿಕೊಳ್ಳುತ್ತವೆ. ಹಡಗಿನ ಮೂತಿ ನಿಧಾನವಾಗಿ ಕಾಲುವೆಯ ಬಾಯಿಗೆ ತಿರುಗಿ, ಬಂಡೆಗೂ ಊರಿಗೂ ನಡುವಿನ ಕಿರಿದಾದ ನೀರಿನಲ್ಲಿ, ಮನೆಗಳ ಸಾಲಿನ ಹಿಂದೆ ಹಾದುಹೋಗುತ್ತದೆ. ಒಂದು ಕ್ಷಣ ಕೆಳಗಿನ ಓಣಿಯಲ್ಲೇ ಹಡಗು ಹೋದಂತೆ ತೋರುತ್ತದೆ, ಡೆಕ್ಕಿನ ಮೇಲಿನ ಜನ ಕೂಡ ಕಾಣುತ್ತಾರೆ. ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳಲಾಗದು. ಹೊರಗೆ ಲಂಗರು ಹಾಕಿದ ಹಡಗುಗಳು ಕಂಡರೆ ಅರ್ಧ ಗಂಟೆ ಕಾಯುವುದು ವ್ಯರ್ಥವಲ್ಲ.

ಬೆಳಕಿನ ಲೆಕ್ಕ ಇಲ್ಲಿ ಸ್ವಲ್ಪ ಬೇರೆ. ಒಳಬಂದರು ಪಶ್ಚಿಮದ ಕಡೆಗೆ, ಹೊರಬಂದರು ಸಮುದ್ರದ ಕಡೆಗೆ. ಕ್ರೇನುಗಳು, ಹಡಗುಕಟ್ಟೆಗಳು ಚೆನ್ನಾಗಿ ಕಾಣಬೇಕೆಂದರೆ ಬೆಳಿಗ್ಗೆ ಎಂಟರೊಳಗೆ ಬನ್ನಿ. ಡಾಲ್ಫಿನ್ಸ್ ನೋಸ್ ಮತ್ತು ತೆರೆದ ಕಡಲು ಬೇಕೆಂದರೆ ಸಂಜೆ ನಾಲ್ಕಕ್ಕೆ. ಈ ಬಂದರು ಕಲ್ಲಿದ್ದಲು, ಕಬ್ಬಿಣದ ಅದಿರು ಸಾಗಿಸುವಂಥದ್ದು. ಮಳೆ ಇಲ್ಲದ ತಿಂಗಳುಗಳಲ್ಲಿ ಗಾಳಿ ಎದ್ದರೆ ಒಳಬಂದರಿನ ಮೇಲೆ ಮಾಸಲು ದೂಳು ನಿಲ್ಲುತ್ತದೆ. ಆಸ್ತಮಾ ಇರುವವರು ಮಾರ್ಚ್‌ನಿಂದ ಮೇ ತನಕದ ದಿನಗಳಲ್ಲಿ ಇಲ್ಲಿ ಹೆಚ್ಚು ಹೊತ್ತು ನಿಲ್ಲದಿರುವುದು ಲೇಸು.

ಇವು ಪ್ರವಾಸಿ ತಾಣಗಳಾಗುವ ಮೊದಲು ಆ ಕೇರಿಯವರ ಪ್ರಾರ್ಥನೆಯ ಜಾಗಗಳು. ದರ್ಗಾದಲ್ಲಿ ತಲೆಗೆ ಬಟ್ಟೆ ಬೇಕು, ದುಪಟ್ಟಾ ಅಥವಾ ಕರವಸ್ತ್ರ ನಿಮ್ಮದೇ ಇರಲಿ. ಸಮಾಧಿಯ ಹತ್ತಿರಕ್ಕೆ ಯಾರು ಎಲ್ಲಿಯ ತನಕ ಹೋಗಬಹುದೆಂದು ಅಲ್ಲಿಯವರನ್ನೇ ಕೇಳಿ. ಚರ್ಚಿನಲ್ಲಿ ಭಾನುವಾರ ಬೆಳಿಗ್ಗೆ ಪೂಜೆ ನಡೆಯುವಾಗ ಕ್ಯಾಮರಾ ಹಿಡಿದು ಸುತ್ತಬೇಡಿ. ಡಿಸೆಂಬರ್ 8ರ ಹಬ್ಬಕ್ಕೆ ಎಲ್ಲ ಧರ್ಮದವರೂ ಈ ಗುಡ್ಡ ಹತ್ತುತ್ತಾರೆ; ನೋಡಲು ಸೊಗಸು, ಆದರೆ ಆ ದಿನ ನೋಟಕ್ಕೆಂದು ನಿಲ್ಲಲು ಜಾಗ ಸಿಗದು. ಹಳೇ ಊರಿನ ಓಣಿಗಳು ಕಿರಿದು, ಕಾರು ಒಳಗೆ ತಂದರೆ ಹಿಂದಕ್ಕೆ ತೆಗೆಯುವುದೇ ಒಂದು ಕೆಲಸ. ಕೆಳಗೆ ಅಗಲವಾದ ರಸ್ತೆಯಲ್ಲೇ ಬಿಟ್ಟು ಆಟೋದಲ್ಲಿ ಬನ್ನಿ.

ಕ್ಯಾಮರಾದ ಮಾತು ಬಂದಾಗ ಇದನ್ನೂ ಹೇಳಬೇಕು. ವಿಶಾಖಪಟ್ಟಣ ಪೂರ್ವ ನೌಕಾಪಡೆಯ ಕೇಂದ್ರ. ಯುದ್ಧನೌಕೆ, ನೌಕಾನೆಲೆಯ ಕಟ್ಟಡಗಳತ್ತ ಜೂಮ್ ಮಾಡಿ ಚಿತ್ರ ತೆಗೆಯಬೇಡಿ, ಡ್ರೋನನ್ನಂತೂ ಮನೆಯಲ್ಲೇ ಬಿಟ್ಟು ಬನ್ನಿ. ಯಾರಾದರೂ ಕೇಳಿದರೆ ಚಿತ್ರ ತೋರಿಸಿ, ಅಳಿಸಲು ಹೇಳಿದರೆ ಅಳಿಸಿ.

ಕೈಲಾಸಗಿರಿ: ಮಕ್ಕಳಿದ್ದರೆ, ಕಾಲಿಗೆ ಶ್ರಮ ಬೇಡವಾದರೆ

ಇದು ದೇವಸ್ಥಾನವಲ್ಲ, ಉದ್ಯಾನ. ತುದಿಯಲ್ಲಿರುವ ಬಿಳಿಯ ಶಿವಪಾರ್ವತಿಯರ ಮೂರ್ತಿಗಳು 40 ಅಡಿ ಎತ್ತರ. ನೋಡಿ ಕೈಮುಗಿಯಬಹುದು, ಪೂಜೆ, ಪ್ರಸಾದ ನಿರೀಕ್ಷಿಸಿ ಹೋಗಬೇಡಿ. ಮುರುಡೇಶ್ವರದಂತೆ ಪಕ್ಕದಲ್ಲೇ ಗುಡಿಯಿರುತ್ತದೆಂದು ಹಿರಿಯರನ್ನು ಮಡಿಯುಡಿಸಿ ಕರೆದುಕೊಂಡು ಹೋಗುವವರಿದ್ದಾರೆ. ಅವರಿಗೆ ಮೊದಲೇ ಹೇಳಿ.

ನೋಟದ ಮಟ್ಟಿಗೆ ಹೇಳುವುದಾದರೆ ಕಡಲತೀರದ ಪೂರ್ತಿ ಬಾಗು ಒಂದೇ ಚೌಕಟ್ಟಿನಲ್ಲಿ ಸಿಗುವುದು ಇಲ್ಲಿಂದ. ಸಮುದ್ರಕ್ಕೆ ಮುಖಮಾಡಿ ನಿಂತರೆ ಎಡಕ್ಕೆ ಋಷಿಕೊಂಡದ ಕಡೆಯ ಕೆಂಪುಮಣ್ಣಿನ ಗುಡ್ಡಗಳು, ಬಲಕ್ಕೆ ಆರ್‌ಕೆ ಬೀಚ್, ಊರು, ತುದಿಯಲ್ಲಿ ಡಾಲ್ಫಿನ್ಸ್ ನೋಸ್. ಬಲಗಡೆಯ ನೋಟ ಮೊದಲು ನೋಡಿ. ಸಂಜೆ ಸೂರ್ಯ ಆ ಕಡೆಗೇ ವಾಲುವುದರಿಂದ ಊರು ಮಬ್ಬಾಗುತ್ತದೆ. ಎಡಗಡೆಯದು ಕೊನೆಯ ಬೆಳಕಿನವರೆಗೂ ಸ್ಪಷ್ಟ.

ಮೇಲಕ್ಕೆ ವಾಹನದ ರಸ್ತೆ, ರೋಪ್‌ವೇ, ಮೆಟ್ಟಿಲು ಮೂರೂ ಇವೆ. ರೋಪ್‌ವೇ ಸೂರ್ಯೋದಯಕ್ಕೆ ಸಿಗುವುದಿಲ್ಲ, ಹೊತ್ತೇರಿದ ಮೇಲೆ ಶುರುವಾಗುತ್ತದೆ. ಜೋರು ಗಾಳಿ, ಮಳೆ ಬಂದರೆ ನಿಲ್ಲಿಸಿಬಿಡುತ್ತಾರೆ. ರಜೆಯ ಸಂಜೆ ಹೋಗಿಬರುವ ಟಿಕೆಟ್ ಒಟ್ಟಿಗೆ ಕೊಂಡವರು ಇಳಿಯಲು ಉದ್ದ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ರೋಪ್‌ವೇಯಲ್ಲಿ ಹತ್ತಿ, ಇಳಿಯಲು ಮೆಟ್ಟಿಲು ಅಥವಾ ಆಟೋ ಹಿಡಿದರೆ ಆ ತೊಂದರೆ ಇಲ್ಲ. ಬೆಟ್ಟದ ನೆತ್ತಿಯನ್ನು ಸುತ್ತುವ ಪುಟಾಣಿ ರೈಲು ಮಕ್ಕಳಿಗೆ ಮಾತ್ರ ಎಂದು ಬಿಡಬೇಡಿ, ನಡೆಯಲಾಗದ ಹಿರಿಯರಿಗೆ ನಾಲ್ಕೂ ದಿಕ್ಕು ಕೂತಲ್ಲೇ ನೋಡುವ ಅವಕಾಶ ಅದು. ಹತ್ತುವಾಗಲೇ ಸಮುದ್ರದ ಮಗ್ಗುಲು ಯಾವುದೆಂದು ಕೇಳಿ ಕೂರಿಸಿ. ಈಗೀಗ ಗಾಜಿನ ನಡಿಗೆದಾರಿಯೂ ಸೇರಿದೆ. ಸಾಲು ಉದ್ದವಿದ್ದರೆ ಅದಕ್ಕಾಗಿ ಸಂಜೆಯ ಬೆಳಕನ್ನು ಕಳೆದುಕೊಳ್ಳಬೇಡಿ, ಅದೇ ಸಮುದ್ರ ಪಕ್ಕದ ಕಟ್ಟೆಯಿಂದಲೂ ಕಾಣುತ್ತದೆ.

ಮೊದಲು ಇಲ್ಲಿ ಮರಗಳು ಇನ್ನೂ ದಟ್ಟವಾಗಿದ್ದವು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ನೇರ ಈ ಊರಿಗೇ ಅಪ್ಪಳಿಸಿದಾಗ ಈ ಬೆಟ್ಟ ಬೋಳಾಗಿತ್ತು. ಆಮೇಲೆ ನೆಟ್ಟು ಬೆಳೆಸಿದ ಹಸಿರೇ ಈಗ ಬಹುಪಾಲು ಕಾಣುವುದು.

ತೊಟ್ಲಕೊಂಡ: ಸದ್ದಿಲ್ಲದ ಬೆಟ್ಟ

ಭೀಮಿಲಿಗೆ ಹೋಗುವ ಬೀಚ್ ರಸ್ತೆಯಲ್ಲಿ ಊರಿನಿಂದ ಸುಮಾರು 16 ಕಿಲೋಮೀಟರ್, ಸಮುದ್ರಮಟ್ಟದಿಂದ 128 ಮೀಟರ್. ಎರಡು ಸಾವಿರ ವರ್ಷ ಹಿಂದಿನ ಬೌದ್ಧ ವಿಹಾರದ ಅವಶೇಷ. 1976ರಲ್ಲಿ ನೌಕಾಪಡೆಯವರು ವೈಮಾನಿಕ ಸರ್ವೇ ಮಾಡುವಾಗ ಗಮನಕ್ಕೆ ಬಂತು, 1988ರಿಂದ 1993ರವರೆಗೆ ಉತ್ಖನನ ನಡೆಯಿತು. ರೋಮನ್ ಬೆಳ್ಳಿ ನಾಣ್ಯಗಳೂ ಶಾತವಾಹನರ ನಾಣ್ಯಗಳೂ ಸಿಕ್ಕವು. ಕೆಳಗಿನ ಕಡಲು ಆಗಲೇ ಯಾರ ಯಾರ ಹಡಗುಗಳಿಗೆ ದಾರಿಯಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಲಬುರಗಿ ಜಿಲ್ಲೆಯ ಸನ್ನತಿ, ಕನಗನಹಳ್ಳಿಯ ಸ್ತೂಪ ನೋಡಿದವರು ಅಲ್ಲಿಯಂಥ ಕೆತ್ತನೆಯ ಫಲಕಗಳನ್ನು ಇಲ್ಲಿ ಹುಡುಕಬೇಡಿ. ಇಲ್ಲಿಯದು ಸಾದಾ ಕಟ್ಟಡ: ಸ್ತೂಪ, ಭಿಕ್ಷುಗಳ ಕೋಣೆಗಳ ಸಾಲು, ಊಟದ ಮನೆ, ಸಭೆ ಸೇರುವ ಜಾಗ, ಹೆಚ್ಚಿನವು ಪಾಯಗಳಾಗಿ ಮಾತ್ರ ಉಳಿದಿವೆ. ನೋಡಲೇಬೇಕಾದದ್ದು ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳು. ಬೋಳು ಬಂಡೆಯ ಬೆಟ್ಟದಲ್ಲಿ ಬಾವಿ ತೋಡಲಾಗದು. ಮಳೆಯ ನೀರನ್ನೇ ಹಿಡಿದಿಟ್ಟು ಒಂದು ವಿಹಾರದ ಜನ ವರ್ಷ ಕಳೆಯಬೇಕಿತ್ತು. ತೊಟ್ಟಿಯ ಬಾಯಿಯ ಹತ್ತಿರ ಬಂಡೆಯ ಇಳಿಜಾರನ್ನು ಗಮನಿಸಿ, ನೀರು ಎಲ್ಲಿಂದ ಹರಿದು ಬಂದೀತೆಂದು ತಾನಾಗಿಯೇ ಗೊತ್ತಾಗುತ್ತದೆ. ಮಳೆಗಾಲ ಮುಗಿದ ಕೂಡಲೇ ಹೋದರೆ ಇವತ್ತಿಗೂ ನೀರು ನಿಂತಿರುತ್ತದೆ. ಅಂಚಿನಲ್ಲಿ ಪಾಚಿ ಇರುತ್ತದೆ, ಮಕ್ಕಳ ಕೈ ಬಿಡಬೇಡಿ.

ನೆರಳು ಕಡಿಮೆ, ತಿನ್ನಲು ಏನೂ ಸಿಗದು, ಸಂಜೆ ಕತ್ತಲಾಗುವ ಮೊದಲೇ ಮುಚ್ಚುತ್ತಾರೆ. ಮೂರು ಗಂಟೆಗೆ ಒಳಗಿರುವಂತೆ ಬಂದರೆ ಸರಿಯಾದ ಬೆಳಕು, ಮುಗಿಸಲು ಬೇಕಾದಷ್ಟು ಹೊತ್ತು ಎರಡೂ ಸಿಗುತ್ತವೆ. ತಲೆಗೆ ಒಂದು ಲೀಟರಿನಂತೆ ನೀರು ಇರಲಿ. ಬಸ್ಸಿನಲ್ಲಿ ಬಂದವರು ಬೀಚ್ ರಸ್ತೆಯಲ್ಲಿ ಇಳಿದು ಬೆಟ್ಟದ ರಸ್ತೆಯಲ್ಲಿ ನಡೆಯಬೇಕು. ಮೇಲೆ ಖಾಲಿ ಆಟೋ ಸಿಗುವ ಖಾತ್ರಿ ಇಲ್ಲ, ಆ್ಯಪ್‌ನಲ್ಲಿ ಕರೆದರೂ ಬರಲು ಒಪ್ಪುವವರು ಕಡಿಮೆ. ಕರೆತಂದ ಆಟೋವನ್ನೇ ಒಂದೂವರೆ ಗಂಟೆ ನಿಲ್ಲಿಸಿಕೊಳ್ಳಿ. ಹತ್ತಿರದ ಬಾವಿಕೊಂಡವೂ ಇದೇ ಬಗೆಯದು. ಇತಿಹಾಸದಲ್ಲಿ ಆಸಕ್ತಿ ಇದ್ದರೆ ಸೇರಿಸಿಕೊಳ್ಳಿ, ಇಲ್ಲವಾದರೆ ಒಂದು ಸಾಕು.

ದೇವರೂ ಬೇಕು, ಸಮುದ್ರವೂ ಬೇಕು ಎನ್ನುವವರಿಗೆ

ಋಷಿಕೊಂಡ ಬೀಚಿನ ಎದುರಿನ ಗುಡ್ಡದ ಮೇಲೆ ತಿರುಮಲ ತಿರುಪತಿ ದೇವಸ್ಥಾನದವರು ಕಟ್ಟಿಸಿದ ವೆಂಕಟೇಶ್ವರ ಗುಡಿ ಇದೆ, 2022ರಲ್ಲಿ ಪ್ರತಿಷ್ಠೆ ಆದದ್ದು. ಪ್ರಾಚೀನತೆ ಇಲ್ಲ, ಆದರೆ ಮೆಟ್ಟಿಲ ಮೇಲಿಂದ ಎದುರಿಗೇ ಕಡಲು, ವಾಹನ ಮೇಲಿನ ತನಕ ಹೋಗುತ್ತದೆ, ಸರದಿಯೂ ಸಿಂಹಾಚಲದಷ್ಟಿಲ್ಲ. ನಡೆಯಲು ಕಷ್ಟವಿರುವ ಅಜ್ಜ ಅಜ್ಜಿಯರಿಗೆ ನಾವು ಮೊದಲು ಹೇಳುವ ಜಾಗ ಇದೇ. ತೊಟ್ಲಕೊಂಡದ ದಾರಿಯಲ್ಲೇ ಇರುವುದರಿಂದ ಬೇರೆ ಓಡಾಟವೂ ಬೇಡ.

ಡಾಲ್ಫಿನ್ಸ್ ನೋಸ್

ಆರ್‌ಕೆ ಬೀಚಿನಿಂದ ಕೈಚಾಚಿದರೆ ಸಿಗುವಂತೆ ಕಾಣುತ್ತದೆ, ಆದರೆ ನಡುವೆ ಬಂದರಿನ ಕಾಲುವೆ ಇದೆ, ಸೇತುವೆ ಇಲ್ಲ. ರಸ್ತೆಯಲ್ಲಿ ಇಡೀ ಬಂದರನ್ನು ಬಳಸಿ, ಕಾರ್ಖಾನೆಗಳ ಲಾರಿಗಳ ನಡುವೆ ಹೋಗಬೇಕು, ಒಂದು ಗಂಟೆ ಹಿಡಿಯಬಹುದು. ನೌಕಾಪಡೆಯ ವಲಯವಾದ್ದರಿಂದ ಗುರುತಿನ ಚೀಟಿ ಬೇಕು. ದೀಪಸ್ತಂಭಕ್ಕೆ ಅಪರಾಹ್ನದ ಸ್ವಲ್ಪ ಹೊತ್ತು ಮಾತ್ರ ಪ್ರವೇಶ, ಅದೂ ಭದ್ರತೆಯ ಕಾರಣಕ್ಕೆ ನಿಂತುಹೋಗಬಹುದು. ಇದೊಂದಕ್ಕೇ ಎಂದು ಹೋಗಿ ಗೇಟಿನಿಂದ ಹಿಂದಿರುಗುವುದು ಬೇಸರ. ಯಾರಾಡ ಬೀಚಿಗೆ ಹೋಗುವ ಯೋಜನೆ ಹೇಗೂ ಇದ್ದರೆ ದಾರಿಯ ಮೇಲೆ ಸೇರಿಸಿಕೊಳ್ಳಿ. ದೀಪಸ್ತಂಭ ಸಿಗದಿದ್ದರೂ ಯಾರಾಡದ ಕಡೆಗೆ ಇಳಿಯುವ ರಸ್ತೆಯಿಂದ ಬೆಟ್ಟಗಳ ನಡುವಿನ ಆ ಮರಳ ದಂಡೆ ಕಾಣುತ್ತದೆ.

ಜೋಡಿಸುವ ಬಗೆ

ಒಂದೇ ದಿನ ಇದ್ದರೆ: ಬೆಳಿಗ್ಗೆ ಆರಕ್ಕೆ ಹೊರಟು ಸಿಂಹಾಚಲ, ಹನ್ನೊಂದರೊಳಗೆ ಇಳಿದು ಊಟ, ವಿಶ್ರಾಂತಿ, ಸಂಜೆ ಮೂರೂವರೆಗೆ ಕೈಲಾಸಗಿರಿ ಅಥವಾ ಹಳೇ ಊರಿನ ಮೂರು ಗುಡ್ಡ, ಎರಡರಲ್ಲಿ ಒಂದು. ಮಕ್ಕಳಿದ್ದರೆ ಕೈಲಾಸಗಿರಿ, ಇಲ್ಲವಾದರೆ ಮೂರು ಗುಡ್ಡ ಎನ್ನುವುದು ನಮ್ಮ ಆಯ್ಕೆ. ಎರಡನೆಯ ದಿನ ಸಿಕ್ಕರೆ ಬೆಳಿಗ್ಗೆ ಕಡಲತೀರದಲ್ಲೇ ಸೂರ್ಯೋದಯ ನೋಡಿ, ಅಪರಾಹ್ನ ಬೀಚ್ ರಸ್ತೆ ಹಿಡಿದು ಋಷಿಕೊಂಡದ ಗುಡಿ, ತೊಟ್ಲಕೊಂಡ. ಸಿಂಹಾಚಲ, ತೊಟ್ಲಕೊಂಡಗಳನ್ನು ಒಂದೇ ಬೆಳಿಗ್ಗೆಗೆ ಸೇರಿಸಬೇಡಿ. ಬೆಳಿಗ್ಗೆಯೇ ತೊಟ್ಲಕೊಂಡಕ್ಕೆ ಹೋದರೆ ಸಮುದ್ರ ಬರೀ ಹೊಳಪು, ಮಧ್ಯಾಹ್ನಕ್ಕೆ ಹೋದರೆ ಕಲ್ಲು ಕಾದ ಹೆಂಚು.

ರೈಲಿನಲ್ಲಿ ಬರುವವರು ಟಿಕೆಟ್ ಮೇಲಿನ ನಿಲ್ದಾಣದ ಹೆಸರು ನೋಡಿಕೊಳ್ಳಿ. ಪ್ರಶಾಂತಿ ಎಕ್ಸ್‌ಪ್ರೆಸ್ ಬೆಂಗಳೂರಿನಿಂದ ವಿಶಾಖಪಟ್ಟಣದ ಮುಖ್ಯ ನಿಲ್ದಾಣಕ್ಕೇ ಬರುತ್ತದೆ, ಆದರೆ ಹೌರಾ ಕಡೆಗೆ ಹೋಗುವ ಕೆಲವು ರೈಲುಗಳು ಊರೊಳಗೆ ಬರದೆ ದುವ್ವಾಡದಲ್ಲೇ ಇಳಿಸಿ ಮುಂದೆ ಹೋಗುತ್ತವೆ. ಅಲ್ಲಿಂದ ಬೀಚಿನ ಕಡೆಯ ಹೋಟೆಲಿಗೆ ಬರಲು ಒಂದು ಗಂಟೆ ಬೇಕು, ಬೆಳಗಿನ ಬೆಟ್ಟ ತಪ್ಪಿತೆಂದೇ ಲೆಕ್ಕ.

ತಿಂಗಳು ಆರಿಸುವ ಸ್ವಾತಂತ್ರ್ಯವಿದ್ದರೆ ನವೆಂಬರ್ ಕೊನೆಯಿಂದ ಫೆಬ್ರವರಿ. ಡಿಸೆಂಬರ್, ಜನವರಿಯಲ್ಲಿ ನಸುಕಿನ ಮಂಜು ಇರುವುದರಿಂದ ದೂರದ ನೋಟ ಬೇಗ ತೆರೆಯದು. ಸಿಂಹಾಚಲದ ಮೆಟ್ಟಿಲಿಗೆ ಮಾತ್ರ ಅದೇ ಹದವಾದ ಹೊತ್ತು. ಏಪ್ರಿಲ್, ಮೇನಲ್ಲಿ ಬಿಸಿಲಿಗಿಂತ ಸೆಕೆ ಕಾಡುತ್ತದೆ, ಬೆವರು ಆರುವುದೇ ಇಲ್ಲ. ದೇವಸ್ಥಾನದ ಅಂಗಳದ ಹಾಸುಗಲ್ಲಿನ ಮೇಲೆ ಹತ್ತು ಗಂಟೆಯ ನಂತರ ಬರಿಗಾಲು ಇಡಲಾಗದು, ಹಳೆಯ ಹತ್ತಿಯ ಕಾಲುಚೀಲ ಚೀಲದಲ್ಲಿರಲಿ. ಅಕ್ಟೋಬರ್, ನವೆಂಬರ್ ಚಂಡಮಾರುತದ ಕಾಲ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತದ ಸುದ್ದಿ ಬಂದ ದಿನ ಘಾಟಿ ರಸ್ತೆಗಳನ್ನು ಬಿಟ್ಟುಬಿಡಿ. ಇಲ್ಲಿಯ ಬೆಟ್ಟಗಳ ಕಲ್ಲು ಖೊಂಡಲೈಟ್, ಮೇಲ್ಪದರ ಸವೆದು ಕೆಂಪು ಮಣ್ಣಾಗಿರುತ್ತದೆ, ಎರಡು ದಿನ ಮಳೆ ಹೊಡೆದರೆ ಇಳಿಜಾರಿನಿಂದ ಮಣ್ಣು, ಬಂಡೆ ರಸ್ತೆಗೆ ಜಾರುತ್ತವೆ. ಮಳೆ ನಿಂತು ಒಂದು ದಿನ ಕಳೆದ ಮೇಲೆ ಹೋಗಿ. ದೂಳೆಲ್ಲ ತೊಳೆದುಹೋಗಿ ರಾಸ್ ಹಿಲ್ಲಿನಿಂದ ಹೊರಸಮುದ್ರದ ಹಡಗುಗಳನ್ನು ಒಂದೊಂದಾಗಿ ಎಣಿಸಬಹುದಾದ ದಿನ ಅದು.